ಇಯುಎಸ್ ಲಿವರ್ ಬಯಾಪ್ಸಿ: ಎಳೆ ಮುರಿಯದಂತೆ ಸ್ಲೈಡಿನವರೆಗೆ

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಅಂದರೆ ಇಯುಎಸ್, ಬಳಸಿ ಲಿವರ್ ಬಯಾಪ್ಸಿ ಮಾಡುವಾಗ ಚುಚ್ಚುವುದು ಅಷ್ಟು ಕಷ್ಟವಲ್ಲ. ಲೀನಿಯರ್ ಸ್ಕೋಪ್ (ತುದಿಯಲ್ಲಿ ಅಲ್ಟ್ರಾಸೌಂಡ್ ಇದ್ದು, ಸೂಜಿ ಹೋಗುವ ಹಾದಿಯನ್ನೂ ತೋರಿಸುವ ಎಂಡೋಸ್ಕೋಪ್) ಹಿಡಿದು ಪ್ಯಾಂಕ್ರಿಯಾಸ್‌ಗೆ ಸೂಜಿ ಹಾಕಿ ಪಳಗಿದ ಕೈಗೆ, ಜಠರದ ಗೋಡೆಗೆ ಒತ್ತಿಕೊಂಡೇ ಇರುವ ಲಿವರಿನ ಎಡ ಹಾಲೆ ತಪ್ಪಿಸಲಾಗದಷ್ಟು ದೊಡ್ಡ ಗುರಿ. ಸೂಜಿಯ ಹೊಟ್ಟೆ ಸೇರಿದ, ನೂಲಿನಷ್ಟು ಸಪೂರವಾದ ಲಿವರ್ ಅಂಗಾಂಶದ ಎಳೆಯನ್ನು ಹೆಪ್ಪುಗಟ್ಟಿದ ರಕ್ತದಲ್ಲಿ ಹೂತುಹೋಗದಂತೆ, ಚೂರುಚೂರಾಗದಂತೆ ಪ್ಯಾಥಾಲಜಿಸ್ಟರ ಮುಂದಿಡುವುದೇ ಕಷ್ಟ. ಸಲೀಸಾಗಿ ಮುಗಿದ ಪ್ರೊಸೀಜರಿನ ನಂತರವೂ ‘ಮಾದರಿ ಸಾಲದು’ ಎಂಬ ವರದಿ ಬಂದರೆ, ತಪ್ಪು ಹೆಚ್ಚಾಗಿ ನಡೆದಿರುವುದು ಸಿರಿಂಜಿನಲ್ಲಿ, ಸೂಜಿಯೊಳಗಿನ ತಂತಿಯಾದ ಸ್ಟೈಲೆಟ್‌ನಲ್ಲಿ ಅಥವಾ ಫಾರ್ಮಲಿನ್ ಡಬ್ಬಿಯ ಹತ್ತಿರ. ಅದಕ್ಕೇ ಇಲ್ಲಿ ಆ ಭಾಗಕ್ಕೆ ಹೆಚ್ಚು ಜಾಗ.

ಈ ಬರಹ ಇಯುಎಸ್ ಕಲಿಯುತ್ತಿರುವ ಗ್ಯಾಸ್ಟ್ರೋಎಂಟರಾಲಜಿಸ್ಟರಿಗೆ, ಪಕ್ಕದಲ್ಲಿ ನಿಂತು ಸಿರಿಂಜ್ ಹಿಡಿಯುವ ಟೆಕ್ನಿಷಿಯನ್‌ಗೆ, ನರ್ಸ್‌ಗೆ. ತರಬೇತಿ ಇಲ್ಲದವರು ಓದಿ ಮಾಡುವ ಕೆಲಸ ಇದಲ್ಲ.

ಯಾರಿಗೆ ಈ ದಾರಿ

ಲಿವರ್ ಎನ್ಜೈಮ್ ಏರಿದೆ, ರಕ್ತಪರೀಕ್ಷೆಗಳಿಂದ ಕಾರಣ ಗೊತ್ತಾಗಿಲ್ಲ. ಆಟೋಇಮ್ಯೂನ್ ಹೆಪಟೈಟಿಸ್ ಇರಬಹುದೆಂಬ ಅನುಮಾನ. ಔಷಧಿಯಿಂದ ಆದ ಹಾನಿಯೋ ಬೇರೆಯದೋ ಎಂಬ ಗೊಂದಲ. ಕೊಬ್ಬಿನ ಲಿವರ್‌ನಲ್ಲಿ ಉರಿಯೂತ, ನಾರುಗಟ್ಟುವಿಕೆ ಎಷ್ಟಿದೆ ಎಂದು ತಿಳಿಯಬೇಕಾಗಿದೆ, ಆದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಒಂದು ಹೇಳಿದರೆ ರಕ್ತದ ಸ್ಕೋರ್ ಇನ್ನೊಂದು ಹೇಳುತ್ತಿದೆ. ಬಯಾಪ್ಸಿ ಬೇಕಾಗುವ ಸಂದರ್ಭಗಳು ಇಂಥವು. ಯಾವ ದಾರಿಯಿಂದ ತೆಗೆದರೂ ಇವು ಬದಲಾಗುವುದಿಲ್ಲ.

ರೋಗಿಗೆ ಹೇಗೂ ಎಂಡೋಸ್ಕೋಪಿ ಆಗಬೇಕಿದ್ದಾಗ ಇಯುಎಸ್ ದಾರಿಗೆ ನಿಜವಾದ ಬೆಲೆ. ವೇರಿಸಸ್ (ಅನ್ನನಾಳ, ಜಠರದಲ್ಲಿ ಉಬ್ಬಿದ ರಕ್ತನಾಳ) ಇವೆಯೇ ನೋಡಬೇಕು, ಪಿತ್ತನಾಳದಲ್ಲಿ ಕಲ್ಲಿಲ್ಲ ಎಂದು ಖಚಿತವಾಗಬೇಕು, ಪೋರ್ಟಲ್ ಒತ್ತಡ (ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ವೇನ್‌ನ ಒತ್ತಡ) ಅಳೆಯಬೇಕು ಎಂದಿದ್ದರೆ ಒಂದೇ ಮತ್ತಿನಲ್ಲಿ ಎಲ್ಲ ಮುಗಿಯುತ್ತದೆ. ಹೊಟ್ಟೆಯ ಕೊಬ್ಬಿನ ಪದರ ದಪ್ಪವಿದ್ದು ಹೊರಗಿನ ಸೂಜಿ ತಲುಪುವುದು ಕಷ್ಟವಾಗಿರುವವರು, ಎಚ್ಚರದಲ್ಲಿ ಪಕ್ಕೆಗೆ ಚುಚ್ಚಿಸಿಕೊಳ್ಳಲು ಹೆದರುವವರು, ಎರಡೂ ಹಾಲೆಗಳ ಮಾದರಿ ಬೇಕಾದವರು, ಇವರಿಗೂ ಇದು ಅನುಕೂಲ. ಬೇರೆ ಯಾವ ಕಾರಣವೂ ಇಲ್ಲದೆ ಬರೀ ಬಯಾಪ್ಸಿ ಮಾತ್ರ ಬೇಕಿರುವ ತೆಳ್ಳಗಿನ ವ್ಯಕ್ತಿಗೆ ಪಕ್ಕೆಯ ಮೂಲಕ ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುವ ಹಳೆಯ ವಿಧಾನವೇ ಸರಳ. ಸ್ಕೋಪ್ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಇಳಿಸಬೇಕಿಲ್ಲ.

ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ 1.5 ಮೀರಿದ್ದರೆ, ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಿದ್ದರೆ ಈ ದಾರಿ ಬೇಡ. ಅಂಥವರಿಗೆ ಕುತ್ತಿಗೆಯ ರಕ್ತನಾಳದ ಮೂಲಕ ಮಾಡುವ ಟ್ರಾನ್ಸ್‌ಜುಗುಲರ್ ಬಯಾಪ್ಸಿ ಇದೆ. ಅಲ್ಲಿ ರಕ್ತ ಸೋರಿದರೂ ಅದು ಮತ್ತೆ ರಕ್ತನಾಳಕ್ಕೇ ಸೇರುತ್ತದೆ. ಸಿರೋಸಿಸ್ (ಲಿವರ್ ನಾರುಗಟ್ಟಿ ಗಂಟುಗಂಟಾದ ಸ್ಥಿತಿ) ಇರುವವರಲ್ಲಿ ಐಎನ್‌ಆರ್ ಒಂದೇ ರಕ್ತಸ್ರಾವದ ಅಪಾಯವನ್ನು ಸರಿಯಾಗಿ ಹೇಳುವುದಿಲ್ಲ ಎಂಬುದೂ ನೆನಪಿರಲಿ. ಅಂಕಿ ಚೆನ್ನಾಗಿದೆ ಎಂದು ಮೈಮರೆಯುವುದೂ ತಪ್ಪು, ಅಂಕಿ ಸರಿಪಡಿಸಲೆಂದೇ ಪ್ಲಾಸ್ಮಾ ಸುರಿಯುವುದೂ ತಪ್ಪು. ರೂ-ಎನ್-ವೈ ಬೈಪಾಸ್ (ಆಹಾರದ ಹಾದಿ ಬದಲಿಸುವ ಜಠರದ ಶಸ್ತ್ರಚಿಕಿತ್ಸೆ) ಆದವರಲ್ಲಿ ಡ್ಯುಯೋಡಿನಮ್‌ಗೆ (ಸಣ್ಣ ಕರುಳಿನ ಮೊದಲ ಭಾಗ) ಸ್ಕೋಪ್ ತಲುಪುವುದಿಲ್ಲ, ಬಲ ಹಾಲೆ ಸಿಗುವುದು ಅಲ್ಲಿಂದಲೇ, ಹಾಗಾಗಿ ಬಲ ಹಾಲೆಯ ಆಸೆ ಬಿಡಬೇಕು.

ಇನ್ನೊಂದು ಮಾತು: ಇಲ್ಲಿ ಹೇಳುತ್ತಿರುವುದೆಲ್ಲ ಇಡೀ ಲಿವರಿಗೆ ಹರಡಿದ ಕಾಯಿಲೆಯ ಬಯಾಪ್ಸಿಯ ಬಗ್ಗೆ. ಲಿವರಿನಲ್ಲಿ ಕಾಣುವ ಗಡ್ಡೆಗೆ ಲೆಕ್ಕ ಬೇರೆ. ಅಲ್ಲಿ 22 ಅಥವಾ 25 ಗೇಜ್ ಸೂಜಿ (ಗೇಜ್ ಅಂಕಿ ಹೆಚ್ಚಿದಷ್ಟೂ ಸೂಜಿ ಸಪೂರ) ಸಾಕು, ಎಳೆಯ ಉದ್ದಕ್ಕಿಂತ ಸರಿಯಾದ ಜೀವಕೋಶ ಸಿಗುವುದು ಮುಖ್ಯ. ಸಿರೋಸಿಸ್ ಇರುವವರಲ್ಲಿ ಲಿವರ್ ಕ್ಯಾನ್ಸರಿನ ಲಕ್ಷಣಗಳು ಸಿಟಿ ಅಥವಾ ಎಂಆರ್‌ಐನಲ್ಲಿ ಸ್ಪಷ್ಟವಾಗಿದ್ದರೆ ಸೂಜಿಯೇ ಬೇಡ. ಚುಚ್ಚಿದ ಹಾದಿಯಲ್ಲಿ ಕ್ಯಾನ್ಸರ್ ಕೋಶ ಬಿತ್ತನೆಯಾಗುವ ಅಪಾಯವಿದೆ. ಹೆಮಾಂಜಿಯೋಮಾ (ರಕ್ತನಾಳಗಳ ಗಂಟು), ಹೈಡ್ಯಾಟಿಡ್ ಸಿಸ್ಟ್ (ಪರೋಪಜೀವಿ ಹುಳುವಿನ ನೀರ್ಗುಳ್ಳೆ) ಇರಬಹುದೆಂಬ ಅನುಮಾನವಿದ್ದರೆ ಸೂಜಿ ಮುಟ್ಟುವ ಮೊದಲು ಚಿತ್ರಗಳನ್ನು ರೇಡಿಯಾಲಜಿಸ್ಟ್ ಜೊತೆ ಕೂತು ಇನ್ನೊಮ್ಮೆ ನೋಡಿ.

ಎಷ್ಟು ಸಿಕ್ಕರೆ ಸಾಕು

ಒಂದು ಬಯಾಪ್ಸಿ ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಭಾಗ. ಅಷ್ಟು ಚಿಕ್ಕ ಚೂರಿನಿಂದ ಇಡೀ ಅಂಗದ ಗತಿ ಹೇಳಬೇಕಾದ್ದರಿಂದಲೇ ಪ್ಯಾಥಾಲಜಿಸ್ಟರು ಉದ್ದ ಕೇಳುತ್ತಾರೆ. ಒಟ್ಟು 2ರಿಂದ 3 ಸೆಂ.ಮೀ. ಉದ್ದ, ಅದರಲ್ಲಿ 11ಕ್ಕೆ ಕಡಿಮೆಯಿಲ್ಲದಂತೆ ಪೂರ್ಣ ಪೋರ್ಟಲ್ ಟ್ರ್ಯಾಕ್ಟ್‌ಗಳು (ರಕ್ತನಾಳ, ಪಿತ್ತನಾಳದ ಕವಲುಗಳು ಒಟ್ಟಿಗಿರುವ ಜಾಗಗಳು) ಇರಬೇಕೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಳತೆ. 1.5 ಸೆಂ.ಮೀ.ಗೆ ಇಳಿದರೆ ನಾರುಗಟ್ಟುವಿಕೆಯ ಹಂತ ಹೇಳುವಾಗ ತಪ್ಪುವ ಸಾಧ್ಯತೆ ಗಮನಾರ್ಹವಾಗಿ ಏರುತ್ತದೆ.

ಈ ಅಳತೆ ಹುಟ್ಟಿದ್ದು 16 ಗೇಜ್ ಸೂಜಿಯ ಕಾಲದಲ್ಲಿ. ಅದರ ಹೊರ ವ್ಯಾಸ ಸುಮಾರು 1.6 ಮಿ.ಮೀ.; ಇಯುಎಸ್‌ನಲ್ಲಿ ಬಳಸುವ 19 ಗೇಜ್ ಸೂಜಿಯದು ಸುಮಾರು 1.1 ಮಿ.ಮೀ. ಎಳೆ ಸಪೂರವಾದಷ್ಟೂ ಪೋರ್ಟಲ್ ಟ್ರ್ಯಾಕ್ಟಿನ ಅಂಚು ಕತ್ತರಿಸಿಹೋಗಿ ‘ಪೂರ್ಣ’ ಎನಿಸಿಕೊಳ್ಳುವ ಟ್ರ್ಯಾಕ್ಟ್‌ಗಳು ಕಡಿಮೆಯಾಗುತ್ತವೆ. ಅದನ್ನು ಉದ್ದದಿಂದಲೇ ತುಂಬಿಕೊಡಬೇಕು. 22 ಗೇಜ್‌ಗೆ ಇಳಿದರೆ ಈ ಕೊರತೆ ಇನ್ನೂ ಹೆಚ್ಚು. ಹಾಗಾಗಿ ಹರಡಿದ ಕಾಯಿಲೆಗೆ 19ಕ್ಕಿಂತ ಸಣ್ಣ ಸೂಜಿ ಬೇಡ.

ಸೂಜಿಯ ತುದಿಯಲ್ಲೂ ವ್ಯತ್ಯಾಸವಿದೆ. ಕೋಶಗಳನ್ನು ಹೀರಲು ಬಳಸುವ ಮಾಮೂಲಿ ಎಫ್‌ಎನ್‌ಎ ಸೂಜಿಗೆ ಓರೆಯಾಗಿ ಕತ್ತರಿಸಿದ ಒಂದೇ ಮೊನೆ. ಅಂಗಾಂಶದ ಎಳೆ ತೆಗೆಯಲೆಂದೇ ಮಾಡಿದ ಎಫ್‌ಎನ್‌ಬಿ ಸೂಜಿಗಳಲ್ಲಿ ಮೂರು ಮೊನೆಯ ಕಿರೀಟದಂಥ ಫ್ರಾನ್ಸೀನ್ ತುದಿ, ಕವಲೊಡೆದ ಫೋರ್ಕ್ ತುದಿ ಬಳಕೆಯಲ್ಲಿವೆ. ಅಂಗಾಂಶವನ್ನು ಹರಿಯದೆ ಕತ್ತರಿಸುವುದರಿಂದ ಇವು ಉದ್ದನೆಯ ಎಳೆ ಕೊಡುತ್ತವೆ. ಎರಡೂ ಕಪಾಟಿನಲ್ಲಿದ್ದರೆ ಎಫ್‌ಎನ್‌ಬಿಯನ್ನೇ ತೆಗೆದುಕೊಳ್ಳಿ.

ಹಿಂದಿನ ದಿನಗಳಲ್ಲಿ

ಸಿಬಿಸಿ, ಐಎನ್‌ಆರ್, ಕ್ರಿಯಾಟಿನಿನ್, ರಕ್ತದ ಗುಂಪು ಕೈಯಲ್ಲಿರಲಿ. ಆಸ್ಪಿರಿನ್ ಮುಂದುವರಿಸಬಹುದು. ಕ್ಲೋಪಿಡೋಗ್ರೆಲ್ 5ರಿಂದ 7 ದಿನ, ವಾರ್ಫರಿನ್ 5 ದಿನ, ಅಪಿಕ್ಸಬಾನ್, ರಿವರೋಕ್ಸಬಾನ್‌ನಂಥವು ಕನಿಷ್ಠ 2 ದಿನ ಮೊದಲೇ ನಿಲ್ಲಬೇಕು. ಕಿಡ್ನಿ ದುರ್ಬಲವಿದ್ದರೆ ಇನ್ನೂ ಮುಂಚೆ, ಅದರಲ್ಲೂ ಡಬಿಗಟ್ರಾನ್. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆಯನ್ನು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬೇಡಿ; ಬಯಾಪ್ಸಿ ಕಾಯಬಹುದು, ಸ್ಟೆಂಟ್ ಕಾಯುವುದಿಲ್ಲ.

ಘನ ಆಹಾರ 6 ಗಂಟೆ, ತಿಳಿ ದ್ರವ 2 ಗಂಟೆ ಮೊದಲು ಬಂದ್. ಸೆಮಾಗ್ಲುಟೈಡ್ ಬಗೆಯ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರ ಜಠರದಲ್ಲಿ ಉಪವಾಸದ ನಂತರವೂ ಆಹಾರ ಉಳಿದಿರಬಹುದು. ಕೊಬ್ಬಿನ ಲಿವರ್ ರೋಗಿಗಳಲ್ಲಿ ಈ ಔಷಧಿಯ ಬಳಕೆ ಈಗ ಸಾಮಾನ್ಯವಾದ್ದರಿಂದ ಕೇಳಲೇಬೇಕಾದ ಪ್ರಶ್ನೆ ಇದು. ಅರಿವಳಿಕೆ ತಜ್ಞರಿಗೂ ಮೊದಲೇ ತಿಳಿಸಿ.

ರಕ್ತ ಹೆಪ್ಪುಗಟ್ಟದಂತೆ ಸೂಜಿಗೆ ಹಾಯಿಸುವ ಹೆಪಾರಿನ್‌ನಿಂದ ಹಿಂದೆ ಪ್ಲೇಟ್‌ಲೆಟ್ ಕುಸಿದದ್ದುಂಟೇ ಎಂದೂ ಕೇಳಿ. ಹೌದೆಂದರೆ ಸೂಜಿ ತೊಳೆಯಲು ಬರೀ ಸಲೈನ್.

ಸಿರಿಂಜ್ ಮತ್ತು ಸೂಜಿ: ಸ್ಕೋಪ್ ಇಳಿಸುವ ಮೊದಲೇ

ಸೂಜಿಯೊಳಗೆ ಗಾಳಿಯಿದ್ದರೆ ಎಳೆತ ತುದಿಯವರೆಗೆ ಪೂರ್ತಿ ತಲುಪುವುದಿಲ್ಲ, ಏಕೆಂದರೆ ಗಾಳಿ ಹಿಗ್ಗುತ್ತದೆ. ದ್ರವ ಹಿಗ್ಗುವುದಿಲ್ಲ, ಸಿರಿಂಜ್ ಎಳೆದ ಬಲವೆಲ್ಲ ತುದಿಗೆ ಮುಟ್ಟುತ್ತದೆ. ‘ವೆಟ್ ಸಕ್ಷನ್’ ಎನ್ನುವುದು ಇಷ್ಟೇ. ಇದೇನೂ ಹೊಸ ಬುದ್ಧಿಯಲ್ಲ. 1958ರಲ್ಲಿ ‘ಒಂದು ಸೆಕೆಂಡಿನ ಬಯಾಪ್ಸಿ’ಯನ್ನು ವಿವರಿಸಿದ ಮೆಂಘಿನಿ ಕೂಡ ಸಿರಿಂಜಿನಲ್ಲಿ ಸಲೈನ್ ಇಟ್ಟುಕೊಂಡೇ ಪಕ್ಕೆಗೆ ಚುಚ್ಚುತ್ತಿದ್ದರು. ದ್ರವಕ್ಕೆ ಹೆಪಾರಿನ್ ಸೇರಿಸಿದರೆ ಎಳೆಯ ಸುತ್ತ ರಕ್ತ ಹೆಪ್ಪುಗಟ್ಟುವುದಿಲ್ಲ. ಒಣ ಸೂಜಿಗಿಂತ ಹೆಚ್ಚು ಅಂಗಾಂಶ ಹೊರಬರುತ್ತದೆ.

ಮಿ.ಲೀ.ಗೆ 100 ಯೂನಿಟ್ ಹೆಪಾರಿನ್ ಸಾಕು. ಸೀಸೆಯ ಮೇಲೆ ಮಿ.ಲೀ.ಗೆ 1,000 ಎಂದಿದ್ದರೆ 1 ಮಿ.ಲೀ. ತೆಗೆದು 9 ಮಿ.ಲೀ. ಸಲೈನ್‌ಗೆ ಸೇರಿಸಿ. 5,000 ಎಂದಿದ್ದರೆ 0.2 ಮಿ.ಲೀ. ತೆಗೆದು ಒಟ್ಟು 10 ಮಿ.ಲೀ. ಮಾಡಿ. ಸೀಸೆಯ ಅಂಕಿ ಓದದೆ ‘ಮಾಮೂಲಿ ಹೆಪಾರಿನ್’ ಎಂದು ಎಳೆದುಕೊಂಡರೆ ಐವತ್ತು ಪಟ್ಟು ಹೆಚ್ಚು ಹೋಗುವ ಸಂಭವವಿದೆ. ಬೆರೆಸಿದ ಸಿರಿಂಜಿಗೆ ತಕ್ಷಣ ಚೀಟಿ ಅಂಟಿಸಿ; ಅದೇ ಟ್ರೇನಲ್ಲಿ ಬರೀ ಸಲೈನ್ ಸಿರಿಂಜೂ ಇರುತ್ತದೆ, ನೋಡಲು ಎರಡೂ ಒಂದೇ.

ಈಗ ಸೂಜಿ. ಸ್ಟೈಲೆಟ್ ಪೂರ್ತಿ ಹೊರಗೆಳೆದು ಪಕ್ಕಕ್ಕಿಡಿ, ಇವತ್ತು ಅದರ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಸೂಜಿಯ ಹಿಂಬದಿಯಿಂದ ಹೆಪಾರಿನ್ ದ್ರವವನ್ನು ತುದಿಯಲ್ಲಿ ಹನಿ ಕಾಣುವವರೆಗೆ ತಳ್ಳಿ, ಒಂದೆರಡು ಮಿ.ಲೀ. ಸಾಕು. ಮೊದಲು ಗುಳ್ಳೆ ಬರುತ್ತದೆ, ಆಮೇಲೆ ಹನಿ. ಗುಳ್ಳೆ ನಿಂತ ಮೇಲೂ ಎರಡು ಹನಿ ಬೀಳಲಿ. 20 ಮಿ.ಲೀ. ಲಾಕ್ ಸಿರಿಂಜಿಗೆ 1ರಿಂದ 2 ಮಿ.ಲೀ. ಸಲೈನ್ ಎಳೆದು, ಗಾಳಿ ಹೊರಹಾಕಿ, ಸಿರಿಂಜಿನ ತುದಿಯ ಸ್ಟಾಪ್‌ಕಾಕ್ (ತೆರೆದು ಮುಚ್ಚುವ ಪುಟ್ಟ ನಲ್ಲಿ) ಮುಚ್ಚಿ, ಪಿಸ್ಟನ್ನನ್ನು ಕೊನೆಯವರೆಗೆ ಎಳೆದು ಲಾಕ್ ಮಾಡಿ. ಆಮೇಲೆ ಸೂಜಿಗೆ ಜೋಡಿಸಿ ಬಿಗಿಯಾಗಿ ತಿರುಗಿಸಿ. ಇಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಎಳೆತವೆಲ್ಲ ಅಲ್ಲೇ ಸೋರಿಹೋಗುತ್ತದೆ. ಪಿಸ್ಟನ್ ಲಾಕ್ ಆಗಿರುವುದರಿಂದ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಎಡ ಹಾಲೆ

ರೋಗಿ ಎಡಮಗ್ಗುಲಲ್ಲಿ. ಮೊದಲು ಮಾಮೂಲಿ ಎಂಡೋಸ್ಕೋಪಿ, ಆಮೇಲೆ ಲೀನಿಯರ್ ಸ್ಕೋಪ್. ಪೋರ್ಟಲ್ ಒತ್ತಡ ಅಳೆಯುವುದಿದ್ದರೆ ಅದು ಬಯಾಪ್ಸಿಗಿಂತ ಮೊದಲು. 25 ಗೇಜ್ ಸೂಜಿಯಿಂದ ಹೆಪ್ಯಾಟಿಕ್ ವೇನ್, ಪೋರ್ಟಲ್ ವೇನ್ ಎರಡರಲ್ಲೂ ಮೂರು ಮೂರು ಸಲ ಅಳೆದು ಸರಾಸರಿಗಳ ವ್ಯತ್ಯಾಸ ಬರೆದುಕೊಳ್ಳಿ. 5 ಎಂಎಂಎಚ್‌ಜಿ ಮೀರಿದರೆ ಪೋರ್ಟಲ್ ಹೈಪರ್‌ಟೆನ್ಷನ್; 10 ಮುಟ್ಟಿದರೆ ವೇರಿಸಸ್, ನೀರು ತುಂಬಿಕೊಳ್ಳುವಂಥ ತೊಡಕುಗಳನ್ನು ನಿರೀಕ್ಷಿಸಬೇಕಾದ ಹಂತ.

ಅನ್ನನಾಳ ಜಠರ ಸೇರುವ ಜಾಗದಿಂದ ಒಂದೆರಡು ಸೆಂ.ಮೀ. ಕೆಳಗೆ ನಿಂತು ಅಯೋರ್ಟಾ ಹಿಡಿಯಿರಿ. ಅಲ್ಲಿಂದ ಸ್ಕೋಪನ್ನು ನಿಧಾನ ಅಪ್ರದಕ್ಷಿಣವಾಗಿ ತಿರುಗಿಸಿದರೆ ಎಡ ಹಾಲೆ ಪರದೆ ತುಂಬುತ್ತದೆ. ಮೊದಲು ಕಂಡ ಜಾಗದಲ್ಲೇ ಚುಚ್ಚುವ ಆತುರ ಬೇಡ. ಒಂದೆರಡು ಸೆಂ.ಮೀ. ಒಳಗೆ ಹೊರಗೆ, ಸ್ವಲ್ಪ ಅತ್ತ ಇತ್ತ ತಿರುಗಿಸಿ, ಸೂಜಿ ಹೋಗುವ ಗೆರೆಯಲ್ಲಿ ದೊಡ್ಡ ರಕ್ತನಾಳವಿಲ್ಲದ 4ರಿಂದ 5 ಸೆಂ.ಮೀ. ಹಾದಿ ಹುಡುಕಿ. ಬಿಳಿ ಅಂಚಿರುವ ಕೊಳವೆ ಪೋರ್ಟಲ್ ಕವಲು. ಅಂಚೇ ಇಲ್ಲದ ಕಪ್ಪು ಗೆರೆ ಹೆಪ್ಯಾಟಿಕ್ ವೇನ್. ಬಿಳಿ ಅಂಚಿದ್ದು, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನಲ್ಲಿ ಬಣ್ಣ ತುಂಬದಿದ್ದರೆ ಅದು ಹಿಗ್ಗಿದ ಪಿತ್ತನಾಳ. ಮೂರನ್ನೂ ಬಿಡಿ. ಸ್ಕೋಪಿಗೂ ಲಿವರಿಗೂ ನಡುವಿನ ಗೋಡೆಯಲ್ಲೂ ಡಾಪ್ಲರ್ ಹಾಕಿ ನೋಡುವುದನ್ನು ಮರೆಯಬೇಡಿ: ಸಿರೋಸಿಸ್ ಇದ್ದರೆ ಜಠರದ ಗೋಡೆಯಲ್ಲೇ ವೇರಿಸಸ್ ಇರಬಹುದು.

ಸೂಜಿಯನ್ನು ಸ್ಕೋಪಿನೊಳಗಿನ ಕೊಳವೆಯಾದ ಚಾನೆಲ್‌ಗೆ ಇಳಿಸಿ ಲ್ಯೂಯರ್ ಲಾಕ್ ಬಿಗಿಮಾಡಿ. ಕವಚದ ತುದಿ ಪರದೆಯ ಮೂಲೆಯಲ್ಲಿ ಇಷ್ಟೇ ಇಷ್ಟು ಕಂಡರೆ ಸಾಕು. ಹಾದಿಯ ಉದ್ದ ಅಳೆದು ಹಿಡಿಕೆಯ ತಡೆ ಆ ಅಳತೆಗೆ ಕೂರಿಸಿ. ಲಿವರಿನ ಆಚೆ ಬದಿಯ ಕ್ಯಾಪ್ಸೂಲ್ (ಲಿವರಿನ ಹೊರಪೊರೆ) ದಾಟಿ ಸೂಜಿ ಹೋಗಬಾರದು. ಸೂಜಿಯನ್ನು ಎತ್ತಿ ಬಾಗಿಸುವ ಎಲಿವೇಟರ್ ಆದಷ್ಟು ಕೆಳಗಿರಲಿ, ಸ್ಕೋಪ್ ನೆಟ್ಟಗಿರಲಿ.

ಗೋಡೆ ದಾಟುವಾಗ ಚುರುಕಾದ ಒಂದೇ ತಿವಿತ. ನಿಧಾನ ಮಾಡಿದರೆ ಜಠರದ ಗೋಡೆ ಡೇರೆಯಂತೆ ಎದ್ದು ಸೂಜಿಯ ಮುಂದೆ ಸರಿಯುತ್ತದೆ, ಹಾದಿ ತಪ್ಪುತ್ತದೆ. ಲಿವರಿನೊಳಗೆ 1ರಿಂದ 2 ಸೆಂ.ಮೀ. ಹೋದ ಮೇಲೆ ನಿಲ್ಲಿ. ಇಲ್ಲಿಯವರೆಗೆ ಸ್ಟಾಪ್‌ಕಾಕ್ ಮುಚ್ಚಿಯೇ ಇರಬೇಕು. ಇದಕ್ಕೆ ಎರಡು ಕಾರಣ. ಮೊದಲೇ ತೆರೆದರೆ ಜಠರದ ಲೋಳೆಪದರವೂ ಸೂಜಿ ಸೇರುತ್ತದೆ. ಮತ್ತೆ, ಕ್ಯಾಪ್ಸೂಲಿನ ಹತ್ತಿರದ ಸುಮಾರು ಒಂದು ಸೆಂ.ಮೀ. ಲಿವರಿನಲ್ಲಿ ಸಹಜವಾಗಿಯೇ ನಾರು ಹೆಚ್ಚು. ಅದೇ ಭಾಗ ಸ್ಲೈಡಿಗೆ ಬಂದರೆ ಇಲ್ಲದ ಸಿರೋಸಿಸ್ ಇದ್ದಂತೆ ಕಾಣುತ್ತದೆ.

ಈಗ ‘ತೆರೆಯಿರಿ’ ಎಂದು ಹೇಳಿ. ಸಹಾಯಕರು ಸ್ಟಾಪ್‌ಕಾಕ್ ತಿರುಗಿಸಿದ ಕೂಡಲೇ ಸೂಜಿಯನ್ನು ತಡೆಯವರೆಗೆ ಒಂದೇ ಏಟಿಗೆ ಮುಂದೆ ನೂಕಿ, ನಿಧಾನ ಹಿಂದೆ ತನ್ನಿ. ತುದಿ ಪ್ರತಿ ಕ್ಷಣವೂ ಪರದೆಯ ಮೇಲೆ ಕಾಣುತ್ತಿರಬೇಕು. ಮಸುಕಾದರೆ ನಿಲ್ಲಿಸಿ, ತುದಿ ಹುಡುಕಿ, ಆಮೇಲೆ ಮುಂದೆ. ಇಂಥ ನೂಕು ಒಂದರಿಂದ ಮೂರು ಸಾಕು. ಹೆಚ್ಚು ನೂಕಿದರೆ ಹೆಚ್ಚು ಅಂಗಾಂಶ ಸಿಗಬಹುದು, ಆದರೆ ರಕ್ತವೂ ಹೆಚ್ಚು, ಎಳೆಯೂ ತುಂಡು. ಪ್ಯಾಂಕ್ರಿಯಾಸ್ ಗಡ್ಡೆಯಲ್ಲಿ ಹತ್ತಾರು ಸಲ ಕುಟ್ಟಿ ಅಭ್ಯಾಸವಾದ ಕೈಯನ್ನು ಇಲ್ಲಿ ಬಲವಂತವಾಗಿ ತಡೆಯಬೇಕಾಗುತ್ತದೆ. ಸೂಜಿ ಕ್ಯಾಪ್ಸೂಲ್ ದಾಟಿದ ಮೇಲೆ ಸ್ಕೋಪನ್ನು ತಿರುಚಬೇಡಿ. ಲಿವರ್ ಉಸಿರಿನ ಜೊತೆ ಜಾರುತ್ತಿರುತ್ತದೆ. ತಿರುಚಿದರೆ ಕ್ಯಾಪ್ಸೂಲ್ ಹರಿಯುತ್ತದೆ.

ಸಿರಿಂಜಿನತ್ತ ಕಣ್ಣಿಡುವುದು ಸಹಾಯಕರ ಕೆಲಸ. ರಕ್ತ ಸರ್ರನೆ ಏರಿ ಬಂದರೆ ‘ರಕ್ತ’ ಎಂದು ಕೂಗಿ ಸ್ಟಾಪ್‌ಕಾಕ್ ಮುಚ್ಚಬೇಕು, ಅಪ್ಪಣೆಗೆ ಕಾಯಬಾರದು.

ಮುಗಿದ ಮೇಲೆ ಮುಚ್ಚಿ, ಸೂಜಿಯನ್ನು ಕವಚದೊಳಕ್ಕೆ ಪೂರ್ತಿ ಎಳೆದು ಸೊನ್ನೆಯಲ್ಲಿ ಲಾಕ್ ಮಾಡಿ, ಆಮೇಲೆ ಚಾನೆಲ್‌ನಿಂದ ತೆಗೆಯಿರಿ. ಅರ್ಧ ಹೊರಗಿರುವ ಸೂಜಿಯನ್ನು ಎಳೆದರೆ ಸ್ಕೋಪಿನ ಚಾನೆಲ್ ಸೀಳುತ್ತದೆ. ಸ್ಕೋಪ್ ಮಾತ್ರ ಅಲ್ಲೇ ಇರಲಿ. ಚುಚ್ಚಿದ ಜಾಗಕ್ಕೆ ಡಾಪ್ಲರ್ ಹಾಕಿ ಒಂದೆರಡು ನಿಮಿಷ ನೋಡಿ. ಸೂಜಿಯ ಹಾದಿಯಲ್ಲಿ ಬಣ್ಣದ ಎಳೆ ಕೆಲವು ಕ್ಷಣ ಹರಿದು ಆರಿಹೋಗುವುದು ಸಾಮಾನ್ಯ. ಆರದಿದ್ದರೆ ಸ್ಕೋಪಿನ ತುದಿಯಿಂದಲೇ ಗೋಡೆಯನ್ನು ಒತ್ತಿ ಹಿಡಿದು ಐದು ನಿಮಿಷ ಕಾಯಿರಿ.

ಬಲ ಹಾಲೆ

ಸ್ಕೋಪನ್ನು ಡ್ಯುಯೋಡಿನಮ್ಮಿನ ಬಲ್ಬ್‌ನಲ್ಲಿ ನಿಲ್ಲಿಸಿ, ತುದಿ ಮೇಲಕ್ಕೆತ್ತಿ, ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಲ ಹಾಲೆ ಸಿಗುತ್ತದೆ. ಗಾಲ್‌ಬ್ಲಾಡರ್ ಪಕ್ಕದಲ್ಲೇ ಇರುತ್ತದೆ, ಗ್ಯಾಸ್ಟ್ರೋಡ್ಯುಯೋಡಿನಲ್ ಆರ್ಟರಿಯೂ ದೂರವಿಲ್ಲ. ಉಳಿದ ಕ್ರಮವೆಲ್ಲ ಎಡ ಹಾಲೆಯಂತೆಯೇ. ಬಲ್ಬ್‌ನಲ್ಲಿ ಸ್ಕೋಪ್ ಬಾಗಿರುವುದರಿಂದ ಗಟ್ಟಿ 19 ಗೇಜ್ ಸೂಜಿ ಕವಚದಿಂದ ಹೊರಬರಲು ಹಟಮಾಡುತ್ತದೆ. ಜೋರು ಮಾಡಿ ತಳ್ಳಬೇಡಿ. ಸ್ಕೋಪನ್ನು ಜಠರಕ್ಕೆ ತಂದು ನೆಟ್ಟಗೆ ಮಾಡಿ, ಸೂಜಿಯ ಕವಚವನ್ನು ಚಾನೆಲ್‌ನ ತುದಿಯವರೆಗೆ ತಂದುಕೊಂಡು, ಮತ್ತೆ ಬಲ್ಬ್‌ಗೆ ಹೋಗಿ. ಸುಲಭವಾಗಿ ಬಾಗುವ ಲೋಹದ ನಿಟಿನಾಲ್ ಸೂಜಿ ಇದ್ದರೆ ಇಲ್ಲಿ ಸುಲಭ.

ಬಲ ಹಾಲೆ ಎಲ್ಲರಿಗೂ ಬೇಕೇ? ಕಾಯಿಲೆ ಎರಡು ಕಡೆ ಬೇರೆ ಬೇರೆ ಹಂತದಲ್ಲಿರಬಹುದೆಂಬ ಅನುಮಾನವಿದ್ದರೆ, ಎಡದಿಂದ ಸಿಕ್ಕದ್ದು ಕಡಿಮೆಯಾದರೆ, ಬೇಕು. ಎಡ ಹಾಲೆಯಿಂದಲೇ 3 ಸೆಂ.ಮೀ. ಎಳೆ ಸಿಕ್ಕಿರುವಾಗ ಪದ್ಧತಿ ಪೂರೈಸಲು ಇನ್ನೊಂದು ಕಡೆ ಚುಚ್ಚುವುದರಲ್ಲಿ ಅರ್ಥವಿಲ್ಲ. ಎರಡೂ ಕಡೆ ತೆಗೆದರೆ ಡಬ್ಬಿ ಬೇರೆ, ಚೀಟಿ ಬೇರೆ. ನಡುವೆ ಸೂಜಿಗೆ ಮತ್ತೆ ಹೆಪಾರಿನ್ ಹಾಯಿಸಿ, ತುದಿ ಬಾಗಿಲ್ಲವೇ ನೋಡಿ.

ಎಳೆ ಹೊರಬರುವ ಎರಡು ನಿಮಿಷ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವಂತಾಗುವುದು ಇಲ್ಲೇ. ಸೂಜಿಯೊಳಗಿನ ಎಳೆಯನ್ನು ಹೊರತರಲು ಕೈ ತಾನಾಗಿ ಸ್ಟೈಲೆಟ್‌ನತ್ತ ಹೋಗುತ್ತದೆ. ಸ್ಟೈಲೆಟ್ ಒಂದು ಗಟ್ಟಿ ತಂತಿ. ಅದು ಎಳೆಯನ್ನು ಹಿಂದಿನಿಂದ ಒತ್ತಿ ಮುದುಡಿಸುತ್ತದೆ, ಮುದುಡಿದ್ದು ಮುರಿಯುತ್ತದೆ. ಸಲೈನ್ ಮೆತ್ತಗೆ ತೇಲಿಸಿಕೊಂಡು ಬರುತ್ತದೆ.

ಅಗಲ ಬಾಯಿಯ ಬಟ್ಟಲಿನಲ್ಲಿ 20 ಮಿ.ಲೀ.ನಷ್ಟು ಸಲೈನ್ ಸಿದ್ಧವಿರಲಿ. ಸೂಜಿಯ ತುದಿಯನ್ನು ದ್ರವದೊಳಗೆ ಮುಳುಗಿಸಿ ಹಿಡಿದು, 10 ಮಿ.ಲೀ. ಸಿರಿಂಜಿನಿಂದ ಸಲೈನ್ ನಿಧಾನ ತಳ್ಳಿ. ಮೊದಲು ಕೆಂಪು ಮೋಡದಂತೆ ರಕ್ತ ಹರಡುತ್ತದೆ; ಅದರ ಹಿಂದೆಯೇ ಎಳೆ ಜಾರಿ ಬರುತ್ತದೆ, ಬಟ್ಟಲಿನ ತಳದಲ್ಲಿ ಸುರುಳಿಯಾಗಿ ಕೂರುತ್ತದೆ. ಆರೋಗ್ಯದ ಲಿವರ್ ಕಂದುಗೆಂಪು. ಕೊಬ್ಬು ತುಂಬಿದ್ದರೆ ಎಳೆ ಹಳದಿ ಛಾಯೆಯದು, ಮುಳುಗದೆ ತೇಲಲೂಬಹುದು. ತೇಲಿದ್ದನ್ನು ನೊರೆ ಎಂದು ಚೆಲ್ಲಿಬಿಡಬೇಡಿ. ಸಿರೋಸಿಸ್ ಇದ್ದರೆ ಎಷ್ಟೇ ಜೋಪಾನ ಮಾಡಿದರೂ ಚೂರುಚೂರಾಗಿಯೇ ಬರುತ್ತದೆ; ಆ ಚೂರಾಗುವಿಕೆಯೇ ಪ್ಯಾಥಾಲಜಿಸ್ಟರಿಗೆ ಒಂದು ಸುಳಿವು. ದ್ರವ ಬರದೆ ಸಿರಿಂಜ್ ಬಿಗಿಯಾದರೆ ಮಾತ್ರ ಸ್ಟೈಲೆಟ್ಟನ್ನು ಒಂದೆರಡು ಸೆಂ.ಮೀ. ಹಾಕಿ ತಡೆ ಬಿಡಿಸಿ, ಮತ್ತೆ ಸಲೈನ್.

ರಕ್ತ ಹೆಚ್ಚಿದ್ದರೆ ಸಣ್ಣ ಕಣ್ಣಿನ ಜಾಲರಿಯ ಮೇಲೆ ಸುರಿದು ಸಲೈನ್ ಹನಿಸಿ. ರಕ್ತ ಕೆಳಗಿಳಿಯುತ್ತದೆ, ಎಳೆ ಮೇಲುಳಿಯುತ್ತದೆ. ಹಲ್ಲಿರುವ ಚಿಮಟದಿಂದ ಎತ್ತಬೇಡಿ; ಒದ್ದೆ ಮಾಡಿದ ಸಣ್ಣ ಸೂಜಿಯ ತುದಿಗೆ ತಾನಾಗಿ ಅಂಟಿಕೊಳ್ಳುವಂತೆ ಮಾಡಿ ಎತ್ತಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಅಳೆಯಿರಿ: ಎಲ್ಲ ಸೇರಿ ಎಷ್ಟು, ಅತಿ ಉದ್ದದ ತುಂಡು ಎಷ್ಟು. ಒಟ್ಟು 2ರಿಂದ 3 ಸೆಂ.ಮೀ. ಇದ್ದು ಅದರಲ್ಲಿ ಒಂದಾದರೂ ಸೆಂಟಿಮೀಟರಿಗಿಂತ ಉದ್ದವಿದ್ದರೆ ಸ್ಕೋಪ್ ಹೊರತೆಗೆಯಬಹುದು. ಬರೀ ಹೆಪ್ಪಾದ ರಕ್ತದ ಹುಳು ಕೂಡ ಮೊದಲ ನೋಟಕ್ಕೆ ಎಳೆಯಂತೆಯೇ ಕಾಣುತ್ತದೆ. ಸೂಜಿಯಿಂದ ಮುಟ್ಟಿದರೆ ಕಲಸಿಹೋಗುವುದು ರಕ್ತ, ಆಕಾರ ಬಿಡದ್ದು ಲಿವರ್. ಹೆಪ್ಪುಗಳನ್ನೂ ಎಸೆಯದೆ ಬೇರೆ ಡಬ್ಬಿಯಲ್ಲಿ ಕಳಿಸಿ, ಒಳಗೆ ತುಣುಕು ಸಿಕ್ಕಿಕೊಂಡಿರಬಹುದು.

ಅಳತೆಯಾದ ಕೂಡಲೇ ಎಳೆ 10 ಶೇಕಡಾ ಬಫರ್ಡ್ ಫಾರ್ಮಲಿನ್‌ಗೆ ಹೋಗಬೇಕು, ಎಳೆಯ ಗಾತ್ರದ ಇಪ್ಪತ್ತು ಪಟ್ಟಾದರೂ ದ್ರವ ಇರಲಿ. ಸಲೈನ್‌ನಲ್ಲಿ ಬಹಳ ಹೊತ್ತು ಬಿಟ್ಟರೆ ಕೋಶಗಳು ಊದಿ ಕೆಡುತ್ತವೆ. ಒಣ ಗಾಜ್ ಮೇಲೆ ಇಟ್ಟರೆ ಅಂಟಿ ಒಣಗುತ್ತದೆ, ಬಿಡಿಸುವಾಗ ಹರಿಯುತ್ತದೆ. ಮಾದರಿ ಇಡುವ ಪುಟ್ಟ ಪೆಟ್ಟಿಗೆಯಾದ ಕ್ಯಾಸೆಟ್‌ನಲ್ಲಿ ಹಾಕುವ ಸ್ಪಂಜಿನ ತುಂಡು ಇನ್ನೊಂದು ಕಿಡಿಗೇಡಿ: ಅದರ ರಂಧ್ರಗಳು ಎಳೆಯ ಮೇಲೆ ತ್ರಿಕೋನಾಕಾರದ ಖಾಲಿ ಗುರುತು ಒತ್ತುತ್ತವೆ. ಬಯಾಪ್ಸಿ ಪೇಪರಿನಲ್ಲಿ ಸುತ್ತಲು ಹೇಳಿ.

ಕೆಲವು ಪರೀಕ್ಷೆಗೆ ಫಾರ್ಮಲಿನ್ ಮುಟ್ಟಿಸಬಾರದು. ಟಿಬಿ ಅಥವಾ ಬೇರೆ ಸೋಂಕಿನ ಕಲ್ಚರ್‌ಗೆ ಒಂದು ತುಂಡು ಸ್ಟೆರೈಲ್ ಸಲೈನ್‌ನಲ್ಲಿ ಹೋಗಬೇಕು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಗ್ಲುಟರಾಲ್ಡಿಹೈಡ್. ವಿಲ್ಸನ್ ಕಾಯಿಲೆಯ ಅನುಮಾನದಲ್ಲಿ ತಾಮ್ರ ಅಳೆಯಲು ಒಂದು ಸೆಂ.ಮೀ.ನಷ್ಟು ಎಳೆಯನ್ನು ಲ್ಯಾಬ್ ಕೊಡುವ ಲೋಹದ ಸೋಂಕಿಲ್ಲದ ಪ್ಲಾಸ್ಟಿಕ್ ಸೀಸೆಯಲ್ಲಿ ಬೇರೆಯಾಗಿ ಕಳಿಸಿ; ಒಣ ತೂಕದ ಗ್ರಾಂಗೆ 250 ಮೈಕ್ರೋಗ್ರಾಂ ಮೀರಿದ ತಾಮ್ರ ಆ ರೋಗದತ್ತ ಬೊಟ್ಟು ಮಾಡುತ್ತದೆ. ಇದನ್ನೆಲ್ಲ ಹಿಂದಿನ ದಿನವೇ ಲ್ಯಾಬ್ ಜೊತೆ ಮಾತಾಡಿಕೊಳ್ಳಿ.

ಬರೀ ರಕ್ತ ಬಂದರೆ, ಏನೂ ಬಾರದಿದ್ದರೆ

ಬರೀ ರಕ್ತ ಬಂತೆಂದರೆ ತುದಿ ರಕ್ತನಾಳದಲ್ಲಿತ್ತು. ಅದೇ ಹಾದಿಯಲ್ಲಿ ಮತ್ತೆ ಪ್ರಯತ್ನಿಸಬೇಡಿ. ಸೂಜಿ ತೊಳೆದು, ಡಾಪ್ಲರ್ ನೋಡಿ, ಒಂದೆರಡು ಸೆಂ.ಮೀ. ಆಚೆ ಬೇರೆ ಹಾದಿ ಹಿಡಿಯಿರಿ. ಹಳದಿ ಹಸಿರು ದ್ರವ ಬಂದರೆ ಪಿತ್ತನಾಳ. ಅಲ್ಲಿಗೇ ಕೈಬಿಟ್ಟು, ರೋಗಿಗೆ ಹೊಟ್ಟೆನೋವು ಜ್ವರ ಬರುತ್ತದೆಯೇ ಎಂದು ಹೆಚ್ಚು ಹೊತ್ತು ಕಾಯಿರಿ. ಏನೂ ಬರಲಿಲ್ಲವೆಂದರೆ ಮೊದಲು ಸಿರಿಂಜಿನ ಜೋಡಣೆ ನೋಡಿ, ಆಮೇಲೆ ಸೂಜಿಯ ತುದಿ. ಎರಡೂ ಸರಿಯಿದ್ದರೆ ನೂಕು ತೀರಾ ಗಿಡ್ಡವಾಗಿತ್ತೆಂದು ಅರ್ಥ. ಹಾದಿಯಲ್ಲಿ ಜಾಗವಿದ್ದರೂ ಎರಡು ಸೆಂ.ಮೀ. ಮಾತ್ರ ನೂಕುವುದು ಹೊಸಬರ ಸಾಮಾನ್ಯ ತಪ್ಪು, ಎರಡು ಸೆಂ.ಮೀ. ನೂಕಿದ ಸೂಜಿಯಿಂದ ಮೂರು ಸೆಂ.ಮೀ. ಎಳೆ ಬರುವುದಿಲ್ಲ.

ಒಟ್ಟು ಮೂರು ಸಲಕ್ಕಿಂತ ಹೆಚ್ಚು ಕ್ಯಾಪ್ಸೂಲ್ ತೂತು ಮಾಡಬೇಡಿ. ಪ್ರತಿ ತೂತೂ ರಕ್ತ ಸೋರುವ ಹೊಸ ಬಾಗಿಲು.

ಮುಂದಿನ ಗಂಟೆಗಳು

ಪಕ್ಕೆಯ ಮೂಲಕ ಮಾಡುವ ಬಯಾಪ್ಸಿಯ ದೊಡ್ಡ ಅನುಭವದಿಂದ ಗೊತ್ತಿರುವುದೇನೆಂದರೆ, ತೊಡಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಎರಡು ಗಂಟೆಯಲ್ಲಿ, ಹೆಚ್ಚುಕಡಿಮೆ ಎಲ್ಲವೂ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಕನಿಷ್ಠ ಎರಡು ಗಂಟೆ ನಿಗಾ. ಮೊದಲ ಗಂಟೆ 15 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ನಾಡಿ, ಬಿಪಿ. ಮೇಲುಹೊಟ್ಟೆಯಲ್ಲಿ ಅಥವಾ ಭುಜದ ತುದಿಯಲ್ಲಿ ಸಣ್ಣ ನೋವು ಸಾಮಾನ್ಯ; ಪ್ಯಾರಸಿಟಮಾಲ್ ಕೊಡಿ, ಡೈಕ್ಲೋಫೆನಾಕ್ ಬೇಡ.

ಒಂದು ಡೋಸ್‌ಗೆ ಬಗ್ಗದ ನೋವು, ನೂರು ದಾಟಿ ಏರುತ್ತಲೇ ಇರುವ ನಾಡಿ, ಇಳಿಯುವ ಬಿಪಿ, ಬಿಗಿಯಾಗುವ ಹೊಟ್ಟೆ, ಇವುಗಳಲ್ಲಿ ಒಂದು ಕಂಡರೂ ಹಿಮೋಗ್ಲೋಬಿನ್ ಕಳಿಸಿ, ಕಾಂಟ್ರಾಸ್ಟ್ ಸಿಟಿ ಮಾಡಿಸಿ. ಮೊದಲ ಹಿಮೋಗ್ಲೋಬಿನ್ ಸರಿಯಿದೆ ಎಂದು ಸುಮ್ಮನಾಗಬೇಡಿ. ರಕ್ತ ಸೋರಿದ ಕೂಡಲೇ ಆ ಅಂಕಿ ಇಳಿಯುವುದಿಲ್ಲ, ನಾಡಿ ಮೊದಲು ಹೇಳುತ್ತದೆ. ಕ್ಯಾಪ್ಸೂಲ್ ಅಡಿಯ ಸಣ್ಣ ಹೆಮಟೋಮಾ (ಹೆಪ್ಪುಗಟ್ಟಿದ ರಕ್ತದ ಗಂಟು) ತಾನಾಗಿ ಕರಗುತ್ತದೆ. ರಕ್ತ ನಿಲ್ಲದಿದ್ದರೆ ರಕ್ತನಾಳದೊಳಗಿಂದಲೇ ಸೋರಿಕೆ ಮುಚ್ಚುವ ಎಂಬೊಲೈಸೇಷನ್ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಬೇಕು. ಅವರು ಯಾರು, ಅವತ್ತು ಸಿಗುತ್ತಾರೆಯೇ ಎಂಬುದು ಸ್ಕೋಪ್ ಇಳಿಸುವ ಮೊದಲೇ ಗೊತ್ತಿರಬೇಕು.

ಮನೆಗೆ ಹೋಗುವಾಗ: 24 ಗಂಟೆ ವಾಹನ ಓಡಿಸಬಾರದು, ಒಂದು ವಾರ ಭಾರ ಎತ್ತಬಾರದು. ಕಪ್ಪು ಮಲ, ಕಣ್ಣು ಹಳದಿಯಾಗುವುದು, ಬಲಪಕ್ಕೆಯಲ್ಲಿ ಬಂದು ಹೋಗುವ ನೋವು, ಈ ಮೂರು ಒಟ್ಟಿಗೆ ಕೆಲವು ದಿನಗಳ ನಂತರ ಬಂದರೆ ಪಿತ್ತನಾಳಕ್ಕೆ ರಕ್ತ ಇಳಿಯುತ್ತಿರಬಹುದು. ಅಪರೂಪ, ಆದರೆ ರೋಗಿಗೆ ಬರೆದುಕೊಡಬೇಕಾದದ್ದು. ನಿಲ್ಲಿಸಿದ್ದ ರಕ್ತ ತೆಳುಮಾಡುವ ಮಾತ್ರೆಯನ್ನು ಯಾವ ದಿನ ಶುರುಮಾಡಬೇಕು ಎಂಬುದನ್ನೂ ತಾರೀಖು ಹಾಕಿಯೇ ಬರೆಯಿರಿ.

ಚೀಟಿಯ ಮೇಲೆ, ವರದಿಯಲ್ಲಿ

‘ಲಿವರ್ ಬಯಾಪ್ಸಿ, ಅಭಿಪ್ರಾಯ ಕೊಡಿ’ ಎಂದಷ್ಟೇ ಬರೆದು ಕಳಿಸುವ ಚೀಟಿಗೆ ಅಷ್ಟೇ ಮಸುಕಾದ ಉತ್ತರ ಬರುತ್ತದೆ. ಎನ್ಜೈಮ್‌ಗಳ ಅಂಕಿ, ಆಂಟಿಬಾಡಿ, ವೈರಸ್ ಪರೀಕ್ಷೆ, ಆರು ತಿಂಗಳಲ್ಲಿ ತೆಗೆದುಕೊಂಡ ಎಲ್ಲ ಔಷಧಿ ಮತ್ತು ಗಿಡಮೂಲಿಕೆ, ಮದ್ಯದ ವಿಷಯ, ಯಾವ ಹಾಲೆ, ಯಾವ ಸೂಜಿ, ಎಷ್ಟು ಸಲ, ಎಳೆಯ ಉದ್ದ ಎಲ್ಲ ಇರಲಿ. ಸ್ಲೈಡಿಗೆ ಹಾಕುವ ಮಾಮೂಲಿ ಬಣ್ಣವಾದ ಎಚ್‌ಅಂಡ್‌ಇ ಜೊತೆಗೆ ನಾರಿಗೆ ಟ್ರೈಕ್ರೋಮ್, ಚೌಕಟ್ಟಿಗೆ ರೆಟಿಕ್ಯುಲಿನ್, ಕಬ್ಬಿಣಕ್ಕೆ ಪರ್ಲ್ಸ್, ಡಯಾಸ್ಟೇಸ್ ಸೇರಿದ ಪಿಎಎಸ್ ಬೇಕೆಂದು ಮೊದಲೇ ಕೇಳಿದರೆ ಸಪೂರ ಎಳೆಯನ್ನು ಮತ್ತೆ ಮತ್ತೆ ಕತ್ತರಿಸಿ ಮುಗಿಸಿಬಿಡುವುದು ತಪ್ಪುತ್ತದೆ.

ವರದಿಯಲ್ಲಿ ಮೊದಲು ನೋಡಬೇಕಾದ್ದು ಕೊನೆಯ ಸಾಲಲ್ಲ. ಸ್ಲೈಡಿನ ಮೇಲಿನ ಉದ್ದ ಮತ್ತು ಪೂರ್ಣ ಪೋರ್ಟಲ್ ಟ್ರ್ಯಾಕ್ಟ್‌ಗಳ ಎಣಿಕೆ. ಬಟ್ಟಲಿನಲ್ಲಿ ಅಳೆದದ್ದು 3 ಸೆಂ.ಮೀ., ಸ್ಲೈಡಿನಲ್ಲಿ 1.2 ಎಂದಿದ್ದರೆ ಸ್ವಲ್ಪ ಭಾಗ ಕುಗ್ಗಿರಬಹುದು, ಆದರೆ ಅಷ್ಟು ವ್ಯತ್ಯಾಸಕ್ಕೆ ಸಾಗಣೆಯಲ್ಲಿ, ಕ್ಯಾಸೆಟ್‌ನಲ್ಲಿ ಅಥವಾ ಮೇಣದ ಬ್ಲಾಕ್ ಕತ್ತರಿಸುವಾಗ ಏನೋ ಕಳೆದುಹೋಗಿದೆ. ಬ್ಲಾಕ್‌ನಲ್ಲಿ ಇನ್ನೂ ಅಂಗಾಂಶ ಉಳಿದಿದೆಯೇ ಕೇಳಿ, ಆಳದ ಕಟ್ ತೆಗೆಸಿ. ಎರಡನೇ ಸಲ ರೋಗಿಯನ್ನು ಮಲಗಿಸುವ ಮಾತು ಅದಾದ ಮೇಲೆ.